ನಂಬಿಕೆಗೂ ಅರ್ಜಿ ಹಾಕಬೇಕೆ?

ನಾನು ‘ವಿಶ್ವಾಸಾರ್ಹ ಪ್ರಯಾಣಿಕ’. ಇದು ನಾನಾಗಿ ತೊಟ್ಟುಕೊಂಡ ಬಿರುದಲ್ಲ. ಭಾರತ ಸರ್ಕಾರವೇ ದಯಪಾಲಿಸಿದ್ದು. ಮೂವತ್ತೈದು ವರ್ಷ ಹುಡುಗರಿಗೆ ಗಣಿತ ಹೇಳಿ ನಿವೃತ್ತನಾದ ಮೇಷ್ಟರಿಗೆ ಇಂಥ ಬಿರುದು ಸಿಕ್ಕುವುದು ಅಪರೂಪ. ಆದರೆ ನನ್ನ ಹೆಂಡತಿಗೆ ಅದು ದೊರೆಯಲಿಲ್ಲ. ಮದುವೆಯಾದಂದಿನಿಂದ ನನ್ನ ಸಂಬಳವನ್ನೂ ಮನೆಯ ಬೀಗದ ಕೈಯನ್ನೂ ಅವಳಿಗೊಪ್ಪಿಸಿ ನಾನು ನಿಶ್ಚಿಂತನಾಗಿದ್ದೇನೆ. ಗಡಿಯ ಗಾಜಿನ ಬಾಗಿಲಿಗೆ ಮಾತ್ರ ಅವಳ ಮೇಲೆ ನಂಬಿಕೆ ಹುಟ್ಟಲಿಲ್ಲ.

ನಡೆದದ್ದು ಇಷ್ಟು. ಹೊರದೇಶದಲ್ಲಿರುವ ಮಗ ನಮ್ಮಿಬ್ಬರ ಹೆಸರಿನಲ್ಲೂ ಅರ್ಜಿ ಹಾಕಿದ್ದ. ಅದು ಒಪ್ಪಿಗೆಯಾದ ಮೇಲೆ ಮುಖದ ಚಿತ್ರವನ್ನೂ ಬೆರಳ ಗುರುತನ್ನೂ ಕೊಡಲು ಹೋದೆವು. ಸೀಮೆಸುಣ್ಣಕ್ಕಿಂತ ಭಾರವಾದುದನ್ನು ಹೆಚ್ಚಾಗಿ ಎತ್ತದ ನನ್ನ ಬೆರಳು ಒಂದೇ ಸಲಕ್ಕೆ ಮೂಡಿತು. ಅವಳ ಬೆರಳು ಮೂಡಲಿಲ್ಲ. ಪಾತ್ರೆ ತಿಕ್ಕಿ, ರುಬ್ಬುಗುಂಡು ತಿರುಗಿಸಿ, ಕಲ್ಲಿನ ಮೇಲೆ ಬಟ್ಟೆ ಒಗೆದು ಸವೆದ ಬೆರಳುಗಳು ಅವು. ಮೇಜಿನ ಹಿಂದಿದ್ದ ಹುಡುಗ ಬಹಳ ಸಭ್ಯ. ಒರೆಸಿಕೊಳ್ಳಿ ಎಂದ, ಒತ್ತಿ ಹಿಡಿಯಿರಿ ಎಂದ, ಇನ್ನೊಂದು ಕೈ ಕೊಡಿ ಎಂದ. ಆರೇಳು ಸಲ ಯತ್ನಿಸಿ, ತನ್ನದೇ ಅಪರಾಧವೆಂಬಂತೆ “ಆಗೋದಿಲ್ಲಮ್ಮ” ಎಂದು ಕೈಬಿಟ್ಟ. ಅವನ ಮೇಲೆ ನನ್ನ ದೂರಿಲ್ಲ.

ಮುಂದೆ ಮಗನ ಮನೆಯಿಂದ ಹಿಂದಿರುಗಿದಾಗ ಬಿರುದಿನ ಫಲ ಕಂಡಿತು. ಯಾವ ನಿಲ್ದಾಣ ಎಂಬುದು ಇಲ್ಲಿ ಮುಖ್ಯವಲ್ಲ. ನಾನು ಪಾಸ್‌ಪೋರ್ಟನ್ನು ಯಂತ್ರದ ಮೇಲೆ ಇಟ್ಟೆ, ಬಾಗಿಲು ತೆರೆಯಿತು, ಮುಖ ತೋರಿಸಿದೆ, ಇನ್ನೊಂದು ಬಾಗಿಲು ತೆರೆಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಅವಳು ಸಾಮಾನ್ಯರ ಸಾಲಿನಲ್ಲಿ ನಿಂತಳು; ಹೊರಬರುವ ಹೊತ್ತಿಗೆ ಒಂದು ಗಂಟೆ ಹತ್ತು ನಿಮಿಷ ಕಳೆದಿತ್ತು. ಆಚೆ ಬದಿಯ ಬೆಂಚಿನ ಮೇಲೆ ಕುಳಿತು ಆ ಸಾಲನ್ನೇ ನೋಡುತ್ತಿದ್ದ ನನಗೆ, ನಾನು ಉಳಿಸಿದ ಕಾಲವನ್ನು ಯಾರ ಕೈಗೆ ಕೊಡಬೇಕೋ ತಿಳಿಯಲಿಲ್ಲ. ಆ ಬೆಂಚಿನ ಮೇಲೆ ಹುಟ್ಟಿದ ವಿಚಾರವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಯೋಜನೆಯನ್ನು ಅರಿಯದವರಿಗೆ ಎರಡು ಮಾತು. ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್, ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ’ ಎಂಬುದು ಇದರ ಪೂರ್ಣ ನಾಮಧೇಯ. 2024ರ ಜೂನ್ 22ರಂದು ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಲ್ಲಿ ಇದು ಆರಂಭವಾಯಿತು. 2025ರ ಜನವರಿ 16ರಂದು ಬೆಂಗಳೂರು, ಮುಂಬಯಿ, ಚೆನ್ನೈ, ಕೋಲ್ಕತ, ಹೈದರಾಬಾದು, ಕೊಚ್ಚಿ, ಅಹಮದಾಬಾದುಗಳಿಗೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇನ್ನೂ ಐದು ಊರುಗಳು ಸೇರಿದವು. ಭಾರತದ ಪೌರರೂ ಸಾಗರೋತ್ತರ ಭಾರತೀಯರ ಕಾರ್ಡು ಉಳ್ಳವರೂ ಅರ್ಜಿ ಹಾಕಬಹುದು. ಆರಂಭಿಸಿದಾಗ ಶುಲ್ಕವನ್ನೂ ಇಟ್ಟಿರಲಿಲ್ಲ. ವಿಚಾರಣೆ ಮುಗಿದು ಹೆಸರು ದಾಖಲಾದರೆ ಐದು ವರ್ಷದ ಮಟ್ಟಿಗೆ, ಪಾಸ್‌ಪೋರ್ಟಿನ ಅವಧಿ ಅದಕ್ಕೆ ಮೊದಲೇ ಮುಗಿಯುವುದಾದರೆ ಅಲ್ಲಿಯವರೆಗೆ, ಅರ್ಧ ನಿಮಿಷದಲ್ಲಿ ಗಡಿ ದಾಟಬಹುದು ಎಂಬುದು ಸರ್ಕಾರದ ಭರವಸೆ.

ಅಮೆರಿಕದ ‘ಗ್ಲೋಬಲ್ ಎಂಟ್ರಿ’ ಇದರ ಹಿರಿಯಣ್ಣ. ಅದು 2008ರಲ್ಲಿ ಹುಟ್ಟಿತು. 2017ರಿಂದ ಭಾರತದ ಪೌರರಿಗೂ ಅದರಲ್ಲಿ ಪ್ರವೇಶವಿದೆ. 100 ಡಾಲರ್ ಇದ್ದ ಅದರ ಶುಲ್ಕ 2024ರ ಅಕ್ಟೋಬರಿನಲ್ಲಿ 120 ಡಾಲರ್ ಆಯಿತು. ಅರ್ಜಿ ತಿರಸ್ಕೃತವಾದರೂ ಹಣ ವಾಪಸು ಬರುವುದಿಲ್ಲ. ಅಲ್ಲಿ ನಂಬಿಕೆಗೆ ಬೆಲೆಯುಂಟು. ನಮ್ಮಲ್ಲಿ ಅದನ್ನು ಬಿಟ್ಟಿಯಾಗಿ ಕೊಟ್ಟರೆಂದು ನಾವು ಸಂತೋಷಪಡಬೇಕಾದದ್ದೇ. ಆದರೂ ನನ್ನ ತಕರಾರಿದೆ.

ಮೊದಲಿಗೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ವೇಗದ ಮೇಲೆ ನನಗೆ ಹಗೆಯಿಲ್ಲ. ಹತ್ತು ಹನ್ನೆರಡು ಗಂಟೆ ಕಾಲು ಮಡಿಚಿ ಕುಳಿತು, ನಡುರಾತ್ರಿಯಲ್ಲಿ ಇಳಿದು, ಹಾವಿನಂತೆ ಸುತ್ತಿಕೊಂಡ ಸಾಲಿನಲ್ಲಿ ಮತ್ತೆ ನಿಲ್ಲುವುದು ಯಾರಿಗೂ ಸುಖವಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ರಾತ್ರಿಯೆಲ್ಲ ಮುದ್ರೆಯೊತ್ತುವ ಅಧಿಕಾರಿಗೂ ಸುಖವಲ್ಲ. ಯಂತ್ರ ಮಾಡಬಹುದಾದ ಕೆಲಸವನ್ನು ಯಂತ್ರ ಮಾಡಲಿ. ನನ್ನ ಜಗಳ ಯಂತ್ರದೊಡನೆ ಅಲ್ಲ. ಅದರ ಬಾಗಿಲಿಗೆ ತೂಗುಹಾಕಿರುವ ‘ನಂಬಿಕೆ’ ಎಂಬ ಫಲಕದೊಡನೆ.

ಪಾಸ್‌ಪೋರ್ಟು ಎಂದರೇನು? ಪೊಲೀಸರು ವಿಚಾರಿಸಿ, ಕಾಗದಗಳನ್ನು ಪರಿಶೀಲಿಸಿ, ಪಾಸ್‌ಪೋರ್ಟು ಸೇವಾ ಕೇಂದ್ರದಲ್ಲಿ ಮುಖದ ಚಿತ್ರವನ್ನೂ ಬೆರಳ ಗುರುತನ್ನೂ ತೆಗೆದುಕೊಂಡು, ‘ಈತ ನಮ್ಮವನು, ಈತನಿಗೆ ಅಡ್ಡಿಯಿಲ್ಲದೆ ಹೋಗಿಬರಲು ಬಿಡಿ’ ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಜಗತ್ತಿಗೆಲ್ಲ ಕೊಟ್ಟ ಮಾತು. ಪರದೇಶದವರು ಈ ಮಾತನ್ನು ನಂಬಬೇಕೆಂದು ನಾವು ಅಪೇಕ್ಷಿಸುತ್ತೇವೆ. ಆದರೆ ಮಾತು ಕೊಟ್ಟ ಸರ್ಕಾರವೇ ತನ್ನ ಸ್ವಂತ ಬಾಗಿಲಲ್ಲಿ ನಿಂತು, ‘ಅದೇನೋ ಸರಿ, ನಿನ್ನನ್ನು ನಂಬಬಹುದೆಂದು ಇನ್ನೊಂದು ಅರ್ಜಿ ಹಾಕು’ ಎಂದರೆ ಅದಕ್ಕೇನು ಅರ್ಥ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆ. ಇಲ್ಲಿ ದೇವರೂ ಪೂಜಾರಿಯೂ ಒಬ್ಬರೇ. ಬೆಳಿಗ್ಗೆ ಕೊಟ್ಟ ವರವನ್ನು ಸಂಜೆ ಅವರೇ ಅನುಮಾನದಿಂದ ನೋಡುತ್ತಾರೆ.

ತಾಯ್ನಾಡಿಗೆ ಮರಳುವ ಪೌರನಲ್ಲಿ ಗಡಿಯ ಅಧಿಕಾರಿ ನೋಡಬೇಕಾದದ್ದಾದರೂ ಏನು? ಪಾಸ್‌ಪೋರ್ಟು ಅಸಲಿಯೇ, ಅದನ್ನು ಹಿಡಿದವನೇ ಅದರ ಒಡೆಯನೇ, ಇವನು ಬಂದರೆ ತಿಳಿಸಿ ಎಂದು ಪೊಲೀಸರೋ ನ್ಯಾಯಾಲಯವೋ ಹೇಳಿಕಳುಹಿಸಿದ್ದಾರೆಯೇ. ಈ ಮೂರೇ. ಮೂರನ್ನೂ ಯಂತ್ರ ಕಣ್ಣುಮುಚ್ಚಿ ತೆರೆಯುವುದರಲ್ಲಿ ಹೇಳಬಲ್ಲದು. ಅರ್ಜಿ ಹಾಕಿದವನಿಗೆ ಹೇಗೋ ಹಾಕದವನಿಗೂ ಹಾಗೆಯೇ. ‘ನೀನು ನಂಬಿಕಸ್ತನೋ ಅಲ್ಲವೋ’ ಎಂಬ ನಾಲ್ಕನೆಯ ಪ್ರಶ್ನೆಗೆ ಅಲ್ಲಿ ಸ್ಥಳವೇ ಇಲ್ಲ. ಏಕೆಂದರೆ ನಂಬಿಕೆಗೆ ಅರ್ಹನಲ್ಲ ಎಂದು ಕಂಡರೂ ತನ್ನ ಪೌರನನ್ನು ಯಾವ ಅಧಿಕಾರಿಯೂ ‘ಒಳಗೆ ಬರಬೇಡ’ ಎನ್ನುವಂತಿಲ್ಲ.

ನಮ್ಮ ದೇಶದಲ್ಲಿ ಈ ವಾದ ಹೊಸದಲ್ಲ. ಪಾಸ್‌ಪೋರ್ಟು ಎಂಬುದೇ ಸರ್ಕಾರದ ಕೃಪೆಯಾಗಿದ್ದ ಕಾಲವೊಂದಿತ್ತು. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಏಕೆಂದು ಕೇಳಲು ಕಾಯಿದೆಯೇ ಇರಲಿಲ್ಲ. 1966ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಎಂಬ ವರ್ತಕರಿಗೆ ಪಾಸ್‌ಪೋರ್ಟುಗಳನ್ನು ಹಿಂದಿರುಗಿಸೆಂದು ಸರ್ಕಾರ ಹೇಳಿತು. ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1967ರ ಏಪ್ರಿಲಿನಲ್ಲಿ ಮುಖ್ಯ ನ್ಯಾಯಾಧೀಶ ಸುಬ್ಬರಾಯರ ಪೀಠ, ಮೂವರು ಒಂದು ಕಡೆ ಇಬ್ಬರು ಇನ್ನೊಂದು ಕಡೆಯಾಗಿ, ಹೊರದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೆಯ ವಿಧಿ ಹೇಳುವ ವ್ಯಕ್ತಿಸ್ವಾತಂತ್ರ್ಯದ ಅಂಗವೇ ಎಂದು ತೀರ್ಪಿತ್ತಿತು. ಒಬ್ಬನಿಗೆ ಕೊಟ್ಟು ಒಬ್ಬನಿಗೆ ನಿರಾಕರಿಸುವ ಅಂಕೆಯಿಲ್ಲದ ಅಧಿಕಾರ, ಸಮಾನತೆಯನ್ನು ಹೇಳುವ 14ನೆಯ ವಿಧಿಗೆ ವಿರುದ್ಧವೆಂದೂ ಹೇಳಿತು. ಆ ತೀರ್ಪಿನಿಂದಲೇ ಅದೇ ವರ್ಷ ಪಾಸ್‌ಪೋರ್ಟು ಕಾಯಿದೆ ಬಂದದ್ದು. ಕೃಪೆ ಹಕ್ಕಾಯಿತು. ಇಷ್ಟು ಕಷ್ಟಪಟ್ಟು ಮುಂಬಾಗಿಲಿನಿಂದ ಹೊರಹಾಕಿದ ಕೃಪೆಯನ್ನು ಗಾಜಿನ ಬಾಗಿಲಿನಿಂದ ನಾವು ಮತ್ತೆ ಒಳಕ್ಕೆ ಕರೆಯುತ್ತಿದ್ದೇವಲ್ಲ ಎಂಬುದು ನನ್ನ ಆತಂಕ. ಯಾರ ಪ್ರಯಾಣವನ್ನೂ ಇಲ್ಲಿ ತಡೆದಿಲ್ಲ, ನಿಜ. ತಡೆಯುವುದು ಬೇರೆ, ತಡಮಾಡಿಸುವುದು ಬೇರೆ ಎಂದು ವಕೀಲರು ಹೇಳಬಹುದು. ಒಂದು ಗಂಟೆ ಹತ್ತು ನಿಮಿಷ ಮಂಡಿನೋವಿನಲ್ಲಿ ನಿಂತವಳಿಗೆ ಈ ಸೂಕ್ಷ್ಮ ಅರ್ಥವಾಗುವುದು ಕಷ್ಟ.

ಆ ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವನು ಕುವೈತಿನಿಂದ ಬಂದ ದಕ್ಷಿಣ ಕನ್ನಡದ ಒಬ್ಬ ಬಡಗಿ. ತನ್ನ ಚೀಲವನ್ನು ಕೆಳಗಿಟ್ಟು ಅದರ ಮೇಲೆ ಇವಳನ್ನು ಕೂರಿಸಿದನಂತೆ. ಹನ್ನೊಂದು ವರ್ಷದಿಂದ ಅಲ್ಲಿ ದುಡಿಯುತ್ತಿದ್ದಾನೆ. ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಗಾಜಿನ ಬಾಗಿಲಿನ ವಿಷಯ ಇವಳು ಹೇಳಿದಾಗ, “ಅದು ದೊಡ್ಡವರಿಗೆ ಮಾಡಿದ್ದಲ್ಲವೆ ಅಮ್ಮ?” ಎಂದನಂತೆ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ದೊಡ್ಡವರ ಬಾಗಿಲನ್ನು ಗುರುತಿಸುವ ವಿದ್ಯೆಯನ್ನು ನಮ್ಮ ಜನಕ್ಕೆ ಬಹಳ ಹಿಂದೆಯೇ ಕಲಿಸಿಯಾಗಿದೆ.

ಅವನಂಥವರ ಪಾಸ್‌ಪೋರ್ಟಿನ ಕಥೆಯೇ ಬೇರೆ. 1983ರ ವಲಸೆ ಕಾಯಿದೆಯ ವ್ಯವಸ್ಥೆಯಂತೆ, ಹತ್ತನೆಯ ತರಗತಿ ಮುಗಿಸದವನ ಪಾಸ್‌ಪೋರ್ಟಿಗೆ ‘ವಲಸೆ ತಪಾಸಣೆ ಅಗತ್ಯ’ ಎಂಬ ವರ್ಗ. ಕೊಲ್ಲಿಯ ನಾಡುಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅವನು ಬೇರೆ ಅನುಮತಿ ಪಡೆಯಬೇಕು. ದಲಾಲರಿಂದ ಬಡವನನ್ನು ಕಾಪಾಡುವುದಕ್ಕಾಗಿ ಮಾಡಿದ ಏರ್ಪಾಡು ಇದು. ಉದ್ದೇಶವನ್ನು ನಾನು ಹಳಿಯುವುದಿಲ್ಲ. ಆದರೆ ಕಾಪಾಡುವ ಕೈ ಎಷ್ಟು ಬೇಗ ಗುರುತು ಹಚ್ಚುವ ಕೈಯಾಗುತ್ತದೆಂಬುದನ್ನು 2018ರ ಜನವರಿಯಲ್ಲಿ ಕಂಡೆವು. ಈ ವರ್ಗದವರಿಗೆ ಮಾತ್ರ ಕಿತ್ತಳೆ ಬಣ್ಣದ ಹೊದಿಕೆಯ ಪಾಸ್‌ಪೋರ್ಟು ಕೊಡುವುದಾಗಿ ವಿದೇಶಾಂಗ ಇಲಾಖೆ ಸಾರಿತು. ಓದಿದವನಿಗೆ ನೀಲಿ, ಓದದವನಿಗೆ ಕಿತ್ತಳೆ! ದೇಶದಲ್ಲಿ ಕೂಗೆದ್ದಿತು, ಅದೇ ತಿಂಗಳ 30ರಂದು ಸರ್ಕಾರ ಯೋಚನೆಯನ್ನು ಕೈಬಿಟ್ಟಿತು. ಹೊದಿಕೆಗೆ ಬಣ್ಣ ಹಚ್ಚುವುದನ್ನು ಅಂದು ಬಿಟ್ಟೆವು. ಇಂದು ಸಾಲಿಗೆ ಬಣ್ಣ ಹಚ್ಚುತ್ತಿದ್ದೇವೆ. ಒಂದು ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ, ಚಕ್ರದ ಪೆಟ್ಟಿಗೆ. ಇನ್ನೊಂದರಲ್ಲಿ ಹಗ್ಗ ಬಿಗಿದ ರಟ್ಟಿನ ಡಬ್ಬ, ಕಂಬಳಿಯ ಗಂಟು. ಕಾಯಿದೆ ಈ ಭೇದವನ್ನು ಎಲ್ಲಿಯೂ ಬರೆದಿಲ್ಲ. ಕಣ್ಣಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಸಿಮೆಂಟು ಕಲಸುವವನ, ಮರ ಕೆತ್ತುವವನ, ಪಾತ್ರೆ ತೊಳೆಯುವವಳ ಬೆರಳಿನ ಗೆರೆ ಅಳಿಸಿಹೋಗಿರುತ್ತದೆ. ಪಡಿತರದ ಅಂಗಡಿಯಲ್ಲಿ ಯಂತ್ರ ಬೆರಳನ್ನು ಒಪ್ಪದೆ ಬರಿಗೈಯಲ್ಲಿ ಮರಳಿದ ಮುದುಕಿಯರ ಸಂಕಟ ನಮಗೆ ಗೊತ್ತಿದ್ದದ್ದೇ. ದುಡಿಮೆಯೇ ಗುರುತನ್ನು ಅಳಿಸುವುದಾದರೆ, ಹೆಚ್ಚು ದುಡಿದವನು ಕಡಿಮೆ ನಂಬಿಕಸ್ತ ಎಂದಾಯಿತು. ಇದಕ್ಕಿಂತ ವಿಪರೀತ ನ್ಯಾಯ ಬೇರೆ ಬೇಕೆ?

ಇನ್ನೊಂದು ಅಪಾಯವಿದೆ. ನಂಬಿಕೆಯನ್ನು ಕೊಡುವ ಅಧಿಕಾರವಿದ್ದವನಿಗೆ ಕಿತ್ತುಕೊಳ್ಳುವ ಅಧಿಕಾರವೂ ಇರುತ್ತದೆ. 2020ರ ಫೆಬ್ರವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರ, ನ್ಯೂಯಾರ್ಕ್ ರಾಜ್ಯದ ನಿವಾಸಿಗಳು ಯಾರೂ ಗ್ಲೋಬಲ್ ಎಂಟ್ರಿ ಮೊದಲಾದ ಯೋಜನೆಗಳಿಗೆ ಹೊಸದಾಗಿ ಸೇರುವಂತಿಲ್ಲ, ಇದ್ದವರು ನವೀಕರಿಸುವಂತಿಲ್ಲ ಎಂದು ಆಜ್ಞೆ ಮಾಡಿತು. ಅವರೇನು ತಪ್ಪು ಮಾಡಿದ್ದರು? ಏನೂ ಇಲ್ಲ. ಕಾಗದಪತ್ರವಿಲ್ಲದ ವಲಸೆಗಾರರಿಗೂ ವಾಹನ ನಡೆಸುವ ಲೈಸೆನ್ಸು ಕೊಟ್ಟು, ಆ ದಾಖಲೆಗಳನ್ನು ಕೇಂದ್ರದ ಗಡಿ ಅಧಿಕಾರಿಗಳಿಗೆ ತೋರಿಸುವುದಿಲ್ಲವೆಂದು ಅವರ ರಾಜ್ಯ ಕಾಯಿದೆ ಮಾಡಿತ್ತು. ಗಂಡನ ಮೇಲಿನ ಸಿಟ್ಟನ್ನು ಮಕ್ಕಳ ಬೆನ್ನಿನ ಮೇಲೆ ತೀರಿಸಿದಂತೆ, ರಾಜ್ಯದ ಮೇಲಿನ ಕೋಪವನ್ನು ಅದರ ಪ್ರಯಾಣಿಕರ ಮೇಲೆ ತೀರಿಸಿದರು. ಜುಲೈಯಲ್ಲಿ ಆಜ್ಞೆಯನ್ನು ಹಿಂದೆಗೆದುಕೊಂಡಾಗ, ತಾವು ನ್ಯಾಯಾಲಯದ ಮುಂದೆ ಹೇಳಿದ್ದ ಕಾರಣಗಳಲ್ಲಿ ಕೆಲವು ಸರಿಯಲ್ಲವೆಂದೂ ಒಪ್ಪಿಕೊಳ್ಳಬೇಕಾಯಿತು. ಹಕ್ಕನ್ನು ಹೀಗೆ ಬೆಳಗಾಗುವುದರೊಳಗೆ ನಿಲ್ಲಿಸಲು ಬರುವುದಿಲ್ಲ, ಉಪಕಾರವನ್ನು ನಿಲ್ಲಿಸಬಹುದು. ಭೇದ ತಿಳಿಯಲು ಇದೊಂದೇ ನಿದರ್ಶನ ಸಾಕು.

ಈಗ ಎದುರುವಾದಿಗಳ ಮಾತನ್ನೂ ಕೇಳೋಣ. ‘ಬಾಗಿಲು ಎಲ್ಲರಿಗೂ ತೆರೆದಿದೆ, ಅರ್ಜಿ ಹಾಕದಿರುವುದು ಅವರವರ ಸೋಮಾರಿತನ’ ಎಂಬುದು ಮೊದಲ ಮಾತು. ಅರ್ಜಿ ಹಾಕಲು ಕಂಪ್ಯೂಟರು ಬೇಕು, ಚಿತ್ರ ಏರಿಸಲು ತಿಳಿದಿರಬೇಕು, ಬೆರಳು ಕೊಡಲು ಹೋಗುವುದಕ್ಕೆ ಬಿಡುವಿರಬೇಕು, ಎಲ್ಲಕ್ಕಿಂತ ಮೊದಲು ಇಂಥದೊಂದು ಇದೆಯೆಂದು ಗೊತ್ತಿರಬೇಕು. ಇವೆಲ್ಲ ನನಗೂ ಇರಲಿಲ್ಲ, ನನಗೊಬ್ಬ ಮಗನಿದ್ದ. ಆ ಬಡಗಿಯ ಹತ್ತಿರದ ನಿಲ್ದಾಣ ಮಂಗಳೂರು. ದೆಹಲಿಯಿಂದ ಆರಂಭವಾಗಿ 2025ರ ಸೆಪ್ಟೆಂಬರಿನವರೆಗೆ ಸೇರಿದ ಹದಿಮೂರು ಊರುಗಳಲ್ಲಿ ಅದರ ಹೆಸರಿರಲಿಲ್ಲ.

‘ಕೆಲವರು ಬೇಗ ಹೋದರೆ ಉಳಿದವರ ಸಾಲೂ ಚಿಕ್ಕದಾಗುತ್ತದಲ್ಲ’ ಎಂಬುದು ಎರಡನೆಯ ಮಾತು. ಕೇಳಲು ಗಣಿತದಂತೆಯೇ ಇದೆ. ಗಣಿತದ ಮೇಷ್ಟರಾಗಿ ನಾನು ಇದನ್ನು ಅಲ್ಲಗಳೆಯಲಾರೆ. ಇದರಲ್ಲಿ ಬಿಟ್ಟುಹೋದ ಒಂದು ಅಂಶವಿದೆ. ಸಾಲು ಉದ್ದವಾದಾಗ ಪತ್ರಿಕೆಗೆ ಬರೆಯುವವರು ಯಾರು? ಮಂತ್ರಿಗಳಿಗೆ ದೂರು ಕೊಡುವವರು ಯಾರು? ನಮ್ಮ ನಿಮ್ಮಂಥವರು. ನಮ್ಮನ್ನು ಮೊದಲು ಆಚೆಗೆ ದಾಟಿಸಿಬಿಟ್ಟರೆ ಸಾಲಿನಲ್ಲಿ ಬಾಯಿಲ್ಲದವರೇ ಉಳಿಯುತ್ತಾರೆ. ಸರ್ಕಾರಿ ಶಾಲೆಯಿಂದ ನಮ್ಮ ಮಕ್ಕಳನ್ನು ಬಿಡಿಸಿಕೊಂಡ ಮೇಲೆ ಆ ಶಾಲೆಯ ಸೋರುವ ಮಾಡು ನಮ್ಮ ಕಣ್ಣಿಗೆ ಬಿದ್ದಿತೆ? ತಿರುಮಲೆಯಲ್ಲಿ 300 ರೂಪಾಯಿಯ ಟಿಕೆಟ್ಟು ಕೊಂಡು ಬೇಗ ದರ್ಶನ ಮುಗಿಸಿದವನು, ಧರ್ಮದರ್ಶನದ ಸಾಲು ಎಷ್ಟು ಉದ್ದವಿತ್ತೆಂದು ತಿರುಗಿ ನೋಡಿದನೆ? ಬೇಗ ದಾಟುವ ಬಾಗಿಲು ಮೊದಲು ಮಾಡುವ ಕೆಲಸ ಇದು: ಕೂಗಬಲ್ಲವರ ಬಾಯಿಗೆ ಬೆಣ್ಣೆ ಹಚ್ಚುತ್ತದೆ.

ಹಾಗಾದರೆ ಬೇರೆ ದಾರಿ ಇಲ್ಲವೆ? ಇದೆ, ಇತರರು ನಡೆದು ತೋರಿಸಿದ್ದಾರೆ. ಆಸ್ಟ್ರೇಲಿಯ 2007ರಿಂದಲೇ ‘ಸ್ಮಾರ್ಟ್‌ಗೇಟ್’ ಎಂಬ ಯಂತ್ರದ ಬಾಗಿಲಿಟ್ಟಿತು. ಚಿಪ್ಪು ಅಡಕವಾದ ಪಾಸ್‌ಪೋರ್ಟೇ ಅಲ್ಲಿ ಪರಿಚಯಪತ್ರ; ಬೇರೆ ನೋಂದಣಿ ಬೇಡ. ಬ್ರಿಟನ್ 2019ರ ಮೇ ತಿಂಗಳಿಂದ ಅಮೆರಿಕ, ಜಪಾನ್, ದಕ್ಷಿಣ ಕೊರಿಯ ಮೊದಲಾದ ಏಳು ದೇಶದವರಿಗೆ, ಅರ್ಜಿಯ ಗೊಡವೆಯಿಲ್ಲದೆ, ತನ್ನ ಯಂತ್ರದ ಬಾಗಿಲುಗಳನ್ನು ತೆರೆಯಿತು. ಸಿಂಗಪುರವಂತೂ 2024ರಲ್ಲಿ ಚಾಂಗಿ ನಿಲ್ದಾಣಕ್ಕೆ ಬರುವ ಎಲ್ಲ ದೇಶದವರಿಗೂ ಯಂತ್ರದ ಸಾಲನ್ನೇ ತೆರೆದಿಟ್ಟಿತು. ಮೊದಲೇ ಹೆಸರು ಬರೆಸಬೇಕಿಲ್ಲ. ಅದೇನೂ ಗಡಿಯ ವಿಷಯದಲ್ಲಿ ಉದಾಸೀನವಾದ ರಾಜ್ಯವಲ್ಲ. ನಮ್ಮ ಹಳ್ಳಿಯ ಪ್ರಯಾಣಿಕನನ್ನು ಸಿಂಗಪುರದ ಯಂತ್ರ ಅರ್ಜಿಯಿಲ್ಲದೆ ಒಳಗೆ ಬಿಡುವಾಗ, ಸ್ವದೇಶದ ಯಂತ್ರ ಅವನಿಂದ ಅರ್ಜಿ ಕೇಳುವುದು ನಾಚಿಕೆಗೇಡಲ್ಲವೆ?

ನಮ್ಮಲ್ಲಿ ಸಾಧನಗಳಿಗೆ ಕೊರತೆಯಿಲ್ಲ. ಚಿಪ್ಪಿನ ಪಾಸ್‌ಪೋರ್ಟು 2024ರ ಏಪ್ರಿಲಿನಲ್ಲಿ ನಮ್ಮಲ್ಲೂ ಪ್ರಾಯೋಗಿಕವಾಗಿ ಆರಂಭವಾಗಿದೆ. ಬೆರಳನ್ನೂ ಮುಖವನ್ನೂ ಸೇವಾ ಕೇಂದ್ರದಲ್ಲಿ ಒಮ್ಮೆ ಕೊಟ್ಟಾಗಿದೆ. ಒಂದು ಇಲಾಖೆಗೆ ಕೊಟ್ಟದ್ದನ್ನು ಇನ್ನೊಂದು ಇಲಾಖೆಗೆ ಮತ್ತೆ ಕೊಡಬೇಕೆನ್ನುವುದು ಹಳೆಯ ಗುಮಾಸ್ತಿಕೆ, ಹೊಸ ಯಂತ್ರದಲ್ಲಿ ಕುಳಿತಿದೆ ಅಷ್ಟೆ. ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಪಾಸ್‌ಪೋರ್ಟು ಕೈಗೆ ಬಂದ ದಿನವೇ ಅದರ ಒಡೆಯನಿಗೆ ಈ ಬಾಗಿಲೂ ತೆರೆಯಲಿ. ಅದಕ್ಕೆ ಒಪ್ಪದವನು ಬೇಕಾದರೆ ‘ನನಗೆ ಮನುಷ್ಯನೇ ಬೇಕು’ ಎಂದು ಅಧಿಕಾರಿಯ ಬಳಿಗೆ ಹೋಗಲಿ. ಬೆರಳು ಒಪ್ಪದಿದ್ದರೆ ಮುಖ ನೋಡಲಿ. ಮುಖವೂ ಒಪ್ಪದಿದ್ದರೆ ಪಕ್ಕದಲ್ಲೇ ಒಬ್ಬ ಅಧಿಕಾರಿ ಇರಲಿ, ಅವನ ಮುಂದೆ ಮತ್ತೆ ಸಾಲಿನ ಬಾಲ ಹಿಡಿಯುವಂತಾಗದಿರಲಿ. ಯಾರನ್ನಾದರೂ ನಿರಾಕರಿಸಿದರೆ ಕಾರಣವನ್ನು ಬರೆದುಕೊಡಲಿ. ಯಂತ್ರದಿಂದ ಬಿಡುವಾದ ಅಧಿಕಾರಿಗಳನ್ನು ಉದ್ದದ ಸಾಲಿನ ಮುಂದೆಯೇ ಕೂರಿಸಲಿ. ಸಂದೇಹಕ್ಕೆ ಕಾರಣ ಬೇಕು, ನಂಬಿಕೆಗೆ ಬೇಡ. ಪೌರನಿಗೂ ಸರ್ಕಾರಕ್ಕೂ ಇರಬೇಕಾದ ಸಂಬಂಧ ಇದೇ ಎಂದು ನಾನು ತಿಳಿದಿದ್ದೇನೆ. ಅಲ್ಲಿಯವರೆಗೆ ನಾಲ್ಕು ಜನಕ್ಕೆ ಗಾಜಿನ ಬಾಗಿಲಿಟ್ಟು ನಾನೂರು ಜನರನ್ನು ನಿಲ್ಲಿಸುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಕಳೆದ ಸಲ ಪ್ರಯಾಣದಿಂದ ಬಂದಾಗ ನಾನು ಗಾಜಿನ ಬಾಗಿಲಿಗೆ ಹೋಗದೆ ಅವಳೊಡನೆ ಸಾಲಿನಲ್ಲೇ ನಿಂತೆ. ನನ್ನ ತ್ಯಾಗವನ್ನು ಅವಳು ಮೆಚ್ಚುವಳೆಂಬ ಆಸೆಯಿತ್ತು. ಅವಳು, “ಇಬ್ಬರೂ ನಿಂತು ಏನು ಸಾಧಿಸಿದ ಹಾಗಾಯಿತು? ನೀವಾದರೂ ಹೋಗಿ ಪೆಟ್ಟಿಗೆ ಹಿಡಿಯಬಾರದಿತ್ತೆ?” ಎಂದಳು. ಅವಳ ಮಾತು ನಿಜ. ಒಬ್ಬ ಮುದುಕ ಸಾಲಿನಲ್ಲಿ ನಿಂತ ಮಾತ್ರಕ್ಕೆ ಸಾಲು ಚಿಕ್ಕದಾಗುವುದಿಲ್ಲ. ಅದಕ್ಕಾಗಿಯೇ ಇದನ್ನು ಬರೆದೆ. ಆ ಬಾಗಿಲಿನಿಂದ ದಾಟುವ ವಾಚಕರು ದಾಟಲಿ, ಬೇಡವೆನ್ನುವುದಿಲ್ಲ. ದಾಟಿದ ಮೇಲೆ ಒಮ್ಮೆ ಹಿಂದಿರುಗಿ ನೋಡಿ, ಸಾಲು ಎಷ್ಟು ಉದ್ದವಿದೆಯೆಂದು ಸರ್ಕಾರಕ್ಕೆ ಒಂದು ಕಾಗದ ಬರೆಯಲಿ.